ರೋಗಿಯ ಆರೈಕೆಯೂ ಒಂದು ವಿದ್ಯೆ

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಸಂಘಕ್ಕೆ 25 ವರ್ಷ ತುಂಬಿತು. ಬೀಜ, ಗೊಬ್ಬರ, ಬೆಳೆಸಾಲದ ಬಗ್ಗೆ ಮಾತಾಡುವವರು ಇಲ್ಲಿ ಬಹಳ ಮಂದಿ ಇದ್ದಾರೆ. ನಾವು ಎಸ್.ಎಸ್.ಎಲ್.ಸಿ. ಓದಿ ಒಕ್ಕಲುತನಕ್ಕೆ ನಿಂತವರು, ದವಾಖಾನೆ ಸುದ್ದಿ ನಿಮಗ್ಯಾಕ್ರಿ ಅಂತ ನೀವು ಕೇಳಬಹುದು. ಸಾಲ ವಸೂಲಿಗೆ ಮನೆಮನೆಗೆ ಹೋದಾಗ ನಾವು ಕಣ್ಣಾರೆ ಕಂಡಿದ್ದೇವೆ. ಬೆಳೆ ಹೋಗಿ ಸಾಲ ನಿಂತ ಮನೆಗಳಿವೆ, ಹಾಗೆಯೇ ಜಡ್ಡಿಗೆ ದುಡ್ಡು ಸುರಿದು ಸಾಲ ನಿಂತ ಮನೆಗಳೂ ಇವೆ. ಆದ್ದರಿಂದ ಇವತ್ತು ಆರೋಗ್ಯ ಸಹಾಯಕರ ತರಬೇತಿ ಬಗ್ಗೆ ನಾಲ್ಕು ಮಾತು ಹೇಳುತ್ತೇವೆ.

ಡಾಕ್ಟರು ರೋಗಿಯನ್ನು ನೋಡುವುದು ಹತ್ತು ನಿಮಿಷ. ಸಿಸ್ಟರು ಇಂಜೆಕ್ಷನ್ ಕೊಟ್ಟು ಹೋಗುತ್ತಾರೆ. ಉಳಿದ ಹೊತ್ತು ರೋಗಿಗೆ ಉಣಿಸುವವರು, ಮೈ ಒರೆಸುವವರು, ಎಬ್ಬಿಸಿ ಕೂಡಿಸುವವರು ಯಾರು? ಈ ಕೆಲಸ ಮಾಡುವವರೇ ಆರೋಗ್ಯ ಸಹಾಯಕರು. ಸರಕಾರದ ತರಬೇತಿ ಪಟ್ಟಿಯಲ್ಲಿ ಇವರಿಗೆ 'ಜನರಲ್ ಡ್ಯೂಟಿ ಅಸಿಸ್ಟೆಂಟ್' ಅನ್ನುತ್ತಾರೆ. ಮನೆಗೆ ಬಂದು ನೋಡಿಕೊಳ್ಳುವವರಿಗೆ 'ಹೋಮ್ ಹೆಲ್ತ್ ಏಡ್' ಎಂದು ಹೆಸರು.

ಇದರಲ್ಲಿ ಕಲಿಯುವುದೇನದ ಅನ್ನಬೇಡಿ. ನಮ್ಮ ಮನೆಯಲ್ಲಿ ಹಿರಿಯರೊಬ್ಬರು ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದರು. ಮಲಗಿದವರನ್ನು ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಹುಣ್ಣು ಬೀಳುತ್ತವೆ ಎಂದು ನಮಗೆ ಹೇಳಿಕೊಟ್ಟವಳು ದವಾಖಾನೆಯಲ್ಲಿ ತರಬೇತಿ ಪಡೆದ ಒಬ್ಬ ಹೆಣ್ಣುಮಗಳು. ಹಾಸಿಗೆ ಸುಕ್ಕಿಲ್ಲದಂತೆ ಹಾಸುವುದು, ತಲೆ ಎತ್ತರಿಸಿ ನಿಧಾನ ಉಣಿಸುವುದು, ಇವೆಲ್ಲ ಆಕೆ ತೋರಿಸಿದ ಮೇಲೆಯೇ ನಮಗೆ ತಿಳಿದದ್ದು. ಅದಕ್ಕೆ ಔಷಧದ ಖರ್ಚಿಲ್ಲ, ವಿದ್ಯೆ ಬೇಕು.

ತರಬೇತಿಯಲ್ಲಿ ಜ್ವರ, ನಾಡಿ, ಉಸಿರು ನೋಡಿ ಬರೆದಿಡುವುದು, ಸಾಬೂನಿನಿಂದ ಕೈ ತೊಳೆಯುವ ಕ್ರಮ, ರೋಗಿಯನ್ನು ಸ್ಟ್ರೆಚರಿಗೆ ಎತ್ತುವುದು ಕಲಿಸುತ್ತಾರೆ. ದವಾಖಾನೆ ಕಸಕ್ಕೂ 2016ರ ನಿಯಮ ಇದೆ. ರಕ್ತ ಹತ್ತಿದ ಹತ್ತಿ-ಬಟ್ಟೆ ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ನಳಿಕೆ ಕೆಂಪಿಗೆ, ಸೂಜಿ-ಬ್ಲೇಡು ಬಿಳಿ ಡಬ್ಬಿಗೆ, ಗಾಜು ನೀಲಿಗೆ ಹಾಕಬೇಕು. ಎದೆಬಡಿತ ನಿಂತವರಿಗೆ ನಿಮಿಷಕ್ಕೆ 100ರಿಂದ 120 ಸಲ ಎದೆ ಒತ್ತುವುದನ್ನೂ ರೂಢಿ ಮಾಡಿಸುತ್ತಾರೆ.

ಇಂಥವರು ಊರಲ್ಲಿ ನಾಲ್ಕು ಮಂದಿ ಇದ್ದರೆ ಒಕ್ಕಲಿಗನಿಗೇ ಲಾಭ. ಹೊಲದಲ್ಲಿ ಹಾವು ಕಡಿದರೆ ನಾವು ಹಗ್ಗ ಬಿಗಿಯುತ್ತೇವೆ, ಕೊಯ್ಯುತ್ತೇವೆ, ಮಂತ್ರ ಹಾಕಿಸುತ್ತೇವೆ. ಇವು ಮೂರೂ ಕೂಡದು. ಕಡಿದ ಕೈಕಾಲು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ ದವಾಖಾನೆಗೆ ಒಯ್ಯಬೇಕು, ಅಲ್ಲಿ ವಿಷಕ್ಕೆ ಪ್ರತಿಔಷಧ ಇರುತ್ತದೆ. ಹತ್ತಿಗೆ ಎಣ್ಣೆ ಹೊಡೆಯುವಾಗ ತಲೆ ತಿರುಗಿ ಬಿದ್ದವನ ಅಂಗಿ ಕಳಚಿ, ಮೈ ಸಾಬೂನಿನಿಂದ ತೊಳೆದು, ಎಣ್ಣೆ ಡಬ್ಬಿ ಸಮೇತ ಡಾಕ್ಟರ ಹತ್ತಿರ ಒಯ್ಯಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬಾರದು.

'ಇನ್ನೊಬ್ಬರ ಹೊಲಸು ಬಳಿಯೋ ಕೆಲಸಕ್ಕೆ ನಮ್ಮ ಮಗಳನ್ನ ಕಳಸಬೇಕೇನ್ರಿ?' ಎಂದು ಕೆಲವರು ನಮ್ಮನ್ನೇ ಕೇಳಿದ್ದಾರೆ. ಬಸವಣ್ಣನವರ ಕಾಯಕದ ಮಾತು ಹುಟ್ಟಿದ ನಾಡು ಇದು. ತಾಯಿ ಕೂಸಿಗೆ ಮಾಡುವ ಕೆಲಸ ಹೊಲಸಲ್ಲವಾದರೆ ರೋಗಿಗೆ ಮಾಡುವುದು ಹೇಗೆ ಹೊಲಸಾದೀತು? ಹತ್ತನೇತ್ತೆ ಪಾಸಾದ ಹುಡುಗಿಯರಿಗೆ ನಾವು ಬಿಟ್ಟಿರುವ ದಾರಿಯಾದರೂ ಯಾವುದು? ಹದಿನೆಂಟು ತುಂಬುವ ಮೊದಲೇ ಮದುವೆ, ಇಲ್ಲವೆ ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೋಗಿ ಇಟ್ಟಿಗೆ ಹೊರುವುದು. ಆ ದಾರಿಗಿಂತ ಈ ದಾರಿ ಮೇಲಲ್ಲವೆ? ಗಂಡುಹುಡುಗರಿಗೂ ಈ ಕೆಲಸ ಉಂಟು, ಗಂಡು ರೋಗಿಗಳಿಗೆ ಅವರೇ ಬೇಕಾಗುತ್ತದೆ.

ನಮ್ಮ ಆಶಾ ಅಕ್ಕಂದಿರನ್ನೇ ನೋಡಿ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದಾಗ ಸಾವಿರ ಜನಸಂಖ್ಯೆಗೆ ಒಬ್ಬರಂತೆ ಊರಿನವರನ್ನೇ ಆರಿಸಿ ತರಬೇತಿ ಕೊಟ್ಟರು. ದವಾಖಾನೆಯಲ್ಲಿ ಹೆರಿಗೆಯಾದ ಕೂಸನ್ನು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ನೋಡುವುದು ಅವರ ಕೆಲಸ. ಕೊರೋನಾ ಕಾಲದಲ್ಲಿ ನಾವೆಲ್ಲ ಬಾಗಿಲು ಹಾಕಿಕೊಂಡಾಗ ಬಾಗಿಲು ಬಡಿದವರು ಅವರೇ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಪ್ರಶಸ್ತಿ ಕೊಟ್ಟಿತು. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ ಎಂಬುದನ್ನೂ ಮರೆಯಬಾರದು.

ಇನ್ನು ಎಚ್ಚರಿಕೆ. ಸಹಾಯಕರ ತರಬೇತಿ ಕೆಲವು ತಿಂಗಳದ್ದು. ಎ.ಎನ್.ಎಂ. ಎರಡು ವರ್ಷ, ಜಿ.ಎನ್.ಎಂ. ಮೂರು ವರ್ಷ, ಅವಕ್ಕೆ ಪಿ.ಯು.ಸಿ. ಬೇಕು. ಆರು ತಿಂಗಳಲ್ಲಿ ನರ್ಸ್ ಮಾಡುತ್ತೇವೆ ಎಂದು ಹೇಳುವವರನ್ನು ನಂಬಬೇಡಿ. ನರ್ಸ್ ಆಗಬೇಕಾದರೆ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಇರಬೇಕು. ಸಹಾಯಕರಾದವರು ಊರಿಗೆ ಬಂದು ಸೂಜಿ ಚುಚ್ಚುವುದು, ಸಲೈನ್ ಏರಿಸುವುದು ಮಾಡಬಾರದು, ಅದು ಅವರ ಕೆಲಸವಲ್ಲ. ಫೀ ಕಟ್ಟುವ ಮುಂಚೆ ಮೂರು ಮಾತು ಕೇಳಿ: ಮಾನ್ಯತೆ ಯಾರದು? ದವಾಖಾನೆಯಲ್ಲಿ ಎಷ್ಟು ದಿನ ಕೈಕೆಲಸ ಕಲಿಸುತ್ತೀರಿ? ಹಿಂದೆ ಕಲಿತವರು ಈಗ ಎಲ್ಲಿದ್ದಾರೆ? ಗ್ರಾಮೀಣ ಬಡ ಕುಟುಂಬದ 15ರಿಂದ 35 ವಯಸ್ಸಿನವರಿಗೆ ಪುಕ್ಕಟೆ ಕೌಶಲ್ಯ ತರಬೇತಿ ಕೊಡುವ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ 2014ರಲ್ಲಿ ಬಂದಿದೆ. ಹೆಣ್ಮಕ್ಕಳಿಗೆ 45ರ ತನಕ ಅವಕಾಶವಿದೆ. ದುಡ್ಡು ಕೊಡುವ ಮೊದಲು ಯಾದಗಿರಿಗೆ ಹೋಗಿ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ವಿಚಾರಿಸಿ.

1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಒಬ್ಬನ ಕಷ್ಟ ಎಲ್ಲರೂ ಹೊರಲಿ ಎಂದು. ಅದೇ ಮಾತಿನ ಮೇಲೆ ಸರ್ವಸದಸ್ಯರ ಸಭೆ ಮುಂದೆ ನಮ್ಮ ಎರಡು ಸೂಚನೆ ಇಡುತ್ತೇವೆ. ಕಾಯ್ದೆ ಒಪ್ಪುವಷ್ಟು ಲಾಭದ ಪಾಲಿನಿಂದ ವರ್ಷಕ್ಕೆ ಇಬ್ಬರು ಸದಸ್ಯರ ಮಕ್ಕಳ ಬಸ್ಸಿನ ಖರ್ಚು, ಪುಸ್ತಕದ ಖರ್ಚು ಸಂಘ ನೋಡಲಿ. ಕಲಿತು ಬಂದವರು ತಿಂಗಳಿಗೊಂದು ಸಲ ಸಂಘದ ಕಟ್ಟೆ ಮೇಲೆ ಕೂತು ಊರವರಿಗೆ ಆರೈಕೆ ಹೇಳಿಕೊಡಲಿ.

ಹತ್ತಿಕುಣಿ ಜಲಾಶಯದ ನೀರು ಕಾಲುವೆಗೆ ಬಂದರಷ್ಟೇ ಹೊಲಕ್ಕೆ ಬಂತು. ಯಾದಗಿರಿಯಲ್ಲಿ ಈಗ ಸರಕಾರಿ ವೈದ್ಯಕೀಯ ಕಾಲೇಜು ಆಗಿದೆ, ಸಂತೋಷ. ಆ ವಿದ್ಯೆ ಮನೆಬಾಗಿಲಿಗೆ ಬರಬೇಕಾದರೆ ಕಾಲುವೆಯಾಗಬೇಕಾದವರು ನಮ್ಮ ಮಕ್ಕಳೇ. ಅವರನ್ನು ತಡೆಯದೆ ಕಳಿಸೋಣ ಎಂದು ಕೈಮುಗಿದು ಕೇಳಿಕೊಂಡು ನಮ್ಮ ಮಾತು ಮುಗಿಸುತ್ತೇವೆ.

ಜೈ ಸಹಕಾರ, ಜೈ ಕರ್ನಾಟಕ.