ತರಗತಿಯ ಗೋಡೆಗೆ ತೆಂಗಿನ ನಾರು

ಖಾಲಿ ತರಗತಿಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಸದ್ದು ಕೂಡಲೇ ಅಡಗುವುದಿಲ್ಲ. ಗೋಡೆ, ತಾರಸಿ, ನೆಲಗಳಿಂದ ಪುಟಿದು ಅನುರಣಿಸುತ್ತದೆ. ಇಂಥಲ್ಲಿ ಮೇಷ್ಟರ ಒಂದು ಮಾತಿನ ಬಾಲ ಮುಂದಿನ ಮಾತಿನ ಮೇಲೆ ಬೀಳುತ್ತದೆ. ಕೊನೆಯ ಬೆಂಚಿನವರಿಗೆ ಪಾಠ ಕೇಳಿಸಿದರೂ ತಿಳಿಯುವುದಿಲ್ಲ.

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಭಾಂಗಣವೊಂದಕ್ಕೆ ಇದೇ ತೊಂದರೆಯಿತ್ತು. ಭೌತವಿಜ್ಞಾನಿ ವ್ಯಾಲೇಸ್ ಸಬೀನ್ ಅಲ್ಲಿ ಆಸನದ ಮೆತ್ತೆಗಳನ್ನು ಹರಡಿ ಅನುರಣನದ ಕಾಲವನ್ನು ಅಳೆದರು. ಮೆತ್ತೆಗಳು ಹೆಚ್ಚಿದಂತೆ ಸದ್ದು ಬೇಗ ಅಡಗಿತು.

ಆ ಮೆತ್ತೆಯ ಕೆಲಸವನ್ನು ನಮ್ಮ ತೆಂಗಿನ ನಾರೂ ಮಾಡಬಲ್ಲದು. ನಾರನ್ನು ಹಲಗೆಯಾಗಿ ಒತ್ತಿದಾಗ ಎಳೆಗಳ ನಡುವೆ ಸಣ್ಣ ಸಂದುಗಳು ಉಳಿಯುತ್ತವೆ. ಕಂಪಿಸುವ ಗಾಳಿ ಅಲ್ಲಿ ಎಳೆಗಳಿಗೆ ಉಜ್ಜಿ, ಶಬ್ದದ ಶಕ್ತಿ ಅತ್ಯಲ್ಪ ಶಾಖವಾಗಿ ಮಾರ್ಪಡುತ್ತದೆ. ತೆಳು ಹಲಗೆ ತಾರಸ್ವರವನ್ನು ಹೀರಿದಷ್ಟು ಮಂದ್ರಸ್ವರವನ್ನು ಹೀರದು. 500 ಹರ್ಟ್ಸ್ ಶಬ್ದದ ತರಂಗವೇ ಸುಮಾರು 68 ಸೆಂಟಿಮೀಟರ್ ಉದ್ದ! ಗೋಡೆಗೆ ತಾಗಿದಲ್ಲಿ ಗಾಳಿಯ ಚಲನೆ ಕಡಿಮೆ. ಆದ್ದರಿಂದ ಹಲಗೆಯ ಹಿಂದೆ ಕೆಲವು ಅಂಗುಲ ಜಾಗ ಬಿಟ್ಟರೆ ಹೆಚ್ಚು ಫಲ.

ಆದರೆ ನಾರು ಗಿಡದ್ದೆಂದ ಮಾತ್ರಕ್ಕೆ ಹಲಗೆ ಪರಿಸರಕ್ಕೆ ಹಿತವೆನ್ನಲಾಗದು. ಅಂಟು ಫಾರ್ಮಾಲ್ಡಿಹೈಡ್ ರಾಳವಾದರೆ ಆ ಅನಿಲ ಕೋಣೆಯ ಗಾಳಿಗೆ ಸೇರಬಹುದು. ಅದರ ಬದಲು ರಬ್ಬರ್ ಹಾಲಿನಿಂದಲೂ ನಾರನ್ನು ಬೆಸೆಯಬಹುದು. ಒಣನಾರಿಗೆ ಬೆಂಕಿ ಬೇಗ ಹತ್ತುತ್ತದೆ. ಬೋರಾಕ್ಸ್‌ನಂಥ ಲವಣದ ರಕ್ಷಣೆ ಬೇಕು. ಇನ್ನು ರಸ್ತೆಯ ಗದ್ದಲವನ್ನು ತಡೆಯಲು ಈ ಹಗುರ ಹಲಗೆ ಸಾಲದು. ಅದಕ್ಕೆ ಭಾರದ ಗೋಡೆಯೇ ಬೇಕು.

ತುಮಕೂರು, ಹಾಸನಗಳ ತೋಟಗಳಲ್ಲಿ ತೆಂಗಿನ ಸಿಪ್ಪೆಗೆ ಬರವಿಲ್ಲ. ನಾರಿನ ಕೆಲವು ಚಾಪೆಗಳನ್ನು ತರಗತಿಯಲ್ಲಿ ತೂಗುಹಾಕಿ, ಮತ್ತೆ ಚಪ್ಪಾಳೆ ತಟ್ಟಿ. ಉತ್ತರವನ್ನು ನಿಮ್ಮ ಕಿವಿಯೇ ಹೇಳೀತು.