ಯಾವ ಪರಿಸರ ಸಂಘಕ್ಕೆ ಸೇರಬೇಕು?

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ತರುಣರು ಈಚೆಗೆ ಒಂದು ಪ್ರಶ್ನೆ ಕೇಳುತ್ತಿದ್ದಾರೆ. ಗಿಡ ನೆಡುವ ಸಂಘವಿದೆ, ಕೆರೆ ಉಳಿಸುವ ಸಮಿತಿಯಿದೆ, ದೊಡ್ಡ ನಗರಗಳ ಸಂಸ್ಥೆಗಳೂ ಚಂದಾ ಕೇಳುತ್ತವೆ. ಇವುಗಳಲ್ಲಿ ಯಾವುದಕ್ಕೆ ಸೇರೋಣ? ಹಿರಿಯರು ಇನ್ನೊಂದು ಪ್ರಶ್ನೆ ಹಾಕುತ್ತಾರೆ. ಪರಿಸರವೆಂಬುದು ಹೊಟ್ಟೆ ತುಂಬಿದವರ ಹವ್ಯಾಸ, ಗಿರಣಿಗೆ ಬೀಗ ಹಾಕಿಸುವವರ ಕೆಲಸ. ನಮಗೇಕೆ ಅದರ ಗೊಡವೆ?

ಹಿರಿಯರಿಗೆ ಮೊದಲು ಉತ್ತರ ಹೇಳೋಣ. ಹತ್ತಿ ಗಿರಣಿಯಲ್ಲಿ ವರ್ಷಗಟ್ಟಲೆ ದುಡಿದವರ ಎದೆಗೆ ಧೂಳು ಹೊಕ್ಕು ಬರುವ ರೋಗ ಯಾವುದೆಂದು ಇಲ್ಲಿ ಕುಳಿತವರಿಗೆ ವಿವರಿಸಬೇಕಾಗಿಲ್ಲ. ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನವೇ ಎದೆ ಬಿಗಿಯುವುದು ಅದರ ಗುರುತು. ವೈದ್ಯರು ಅದಕ್ಕೆ ಬಿಸಿನೋಸಿಸ್ ಎನ್ನುತ್ತಾರೆ. ಕಾನೂನು ಅದನ್ನು ಕೆಲಸದಿಂದ ಬರುವ ರೋಗವೆಂದು ಒಪ್ಪಿದೆ. ದುಡಿಯುವವನ ಮೊದಲನೆಯ ಪರಿಸರವೆಂದರೆ ಅವನು ಎಂಟು ಗಂಟೆ ಉಸಿರಾಡುವ ಗಾಳಿ. ಎರಡನೆಯದು ಅವನ ಓಣಿಯ ನಲ್ಲಿಯ ನೀರು. ಇವೆರಡೂ ಕೆಟ್ಟರೆ ಬಂಗಲೆಯವನು ಬೇರೆ ಬಡಾವಣೆಗೆ ಹೋಗುತ್ತಾನೆ. ನಾವು ಎಲ್ಲಿಗೆ ಹೋಗೋಣ? ಆದ್ದರಿಂದ ಸೇರಬೇಕು. ಆದರೆ ನೋಡಿ ಸೇರಬೇಕು.

ಪಾಠ ಹೇಳುತ್ತಿದ್ದ ಕಾಲದ ಚಾಳಿ ನಮ್ಮನ್ನು ಬಿಟ್ಟಿಲ್ಲ. ಅದರಿಂದ ಒಂದು, ಎರಡು ಎಂದು ಎಣಿಸಿಯೇ ಹೇಳುತ್ತೇವೆ. ಯಾವ ಸಂಘವೇ ಬರಲಿ, ನಾಲ್ಕು ಪ್ರಶ್ನೆ ಕೇಳಿ.

ಮೊದಲನೆಯದು: ಸಂಘ ಯಾರ ಬಾಗಿಲಿಗೆ ಹೋಗುತ್ತದೆ? 2016ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ಸಾಮಾನುಗಳಿಗೆ ದೇಶಾದ್ಯಂತ ನಿಷೇಧ ಬಂತು. ನಿಷೇಧ ತಪ್ಪಲ್ಲ, ಚರಂಡಿ ಕಟ್ಟಿ ನೀರು ನುಗ್ಗುವುದು ನಮ್ಮ ಮನೆಗೇ. ಆದರೆ ಸೊಪ್ಪು ಮಾರುವ ತಾಯಿಯ ಕೈಯಿಂದ ಚೀಲ ಕಿತ್ತು ಫೋಟೋ ತೆಗೆಸಿಕೊಂಡು, ಆ ಚೀಲ ತಯಾರಿಸಿದ ಕಾರ್ಖಾನೆಯ ಗೇಟಿನ ಕಡೆಗೆ ತಲೆಯೂ ಹಾಕದ ಸಂಘ ನಮ್ಮದಾಗಲಾರದು.

ಎರಡನೆಯದು: ತೀರ್ಮಾನ ಮಾಡುವವರು ಯಾರು? ಇಲ್ಲಿ ನಮ್ಮ ನಾಡಿನದೇ ನಿದರ್ಶನವುಂಟು. 1984ರಲ್ಲಿ ರಾಜ್ಯ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಕಟ್ಟಿದವು. ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿ ಅದಕ್ಕೆ ಹೋಗುವುದಿತ್ತು. ಹಳ್ಳಿಯ ಬಡವರು ದನ ಮೇಯಿಸುತ್ತಿದ್ದ, ಸೌದೆ ಆಯುತ್ತಿದ್ದ ಭೂಮಿ ಅದು. ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಶಿವರಾಮ ಕಾರಂತರು ಮೊದಲಾದವರು ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟಿಗೆ ಹೋಗಿ ಸುಮ್ಮನೆ ಕೂಡಲಿಲ್ಲ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೆರೆದು ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಗಿಡ ನೆಟ್ಟರು. 'ಕಿತ್ತಿಕೋ ಹಚ್ಚಿಕೋ' ಎಂದೇ ಆ ಸತ್ಯಾಗ್ರಹಕ್ಕೆ ಹೆಸರು. 1991ರಲ್ಲಿ ಕಂಪನಿಯನ್ನೇ ಮುಚ್ಚಬೇಕಾಯಿತು. ವಕೀಲರ ಕಾಗದ ಮತ್ತು ಜನರ ಕೈ ಎರಡೂ ಕೂಡಿದ್ದರಿಂದ ಕೆಲಸವಾಯಿತು. ಸದಸ್ಯರಿಂದ ಚಂದಾ ಮಾತ್ರ ತೆಗೆದುಕೊಂಡು, ಅವರಿಗೆ ಓಟನ್ನೂ ಮಾತನ್ನೂ ಕೊಡದ ಸಂಸ್ಥೆಯಲ್ಲಿ ನಾವು ಸದಸ್ಯರಲ್ಲ, ಗಿರಾಕಿಗಳು.

ಮೂರನೆಯದು: ಲೆಕ್ಕ. ಇದನ್ನು ವ್ಯಾಪಾರಿ ಮಿತ್ರರಿಗೆ ಹೇಳಿಕೊಡಬೇಕಾಗಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾನೂನಿನ ಕೆಳಗೆ ಬರುವ ಸಂಘ ವರ್ಷಕ್ಕೊಮ್ಮೆ ಸದಸ್ಯರ ಸಭೆ ಕರೆಯಬೇಕು, ನೋಂದಣಿ ಅಧಿಕಾರಿಗೆ ಲೆಕ್ಕ ಒಪ್ಪಿಸಬೇಕು. ಆ ಲೆಕ್ಕ ತೋರಿಸಿ ಎನ್ನಿ. ಹೊಳೆಗೆ ಹೊಲಸು ಬಿಡುವವನೇ ವಾರ್ಷಿಕೋತ್ಸವದ ಖರ್ಚು ಕೊಟ್ಟಿದ್ದರೆ, ಆ ಸಂಘ ಹೊಳೆಯ ಮಾತನ್ನು ಎಷ್ಟು ಗಟ್ಟಿಯಾಗಿ ಆಡೀತು?

ನಾಲ್ಕನೆಯದು ಎಲ್ಲಕ್ಕಿಂತ ಕಠಿಣ: ಕೂಲಿಯ ಬಗ್ಗೆ ಸಂಘ ಏನು ಹೇಳುತ್ತದೆ? ಕೇರಳದ ಕೋಳಿಕೋಡ್ ಜಿಲ್ಲೆಯ ಮಾವೂರಿನಲ್ಲಿ ಚಾಲಿಯಾರ್ ಹೊಳೆಯ ದಂಡೆಯ ಮೇಲೆ ಗ್ವಾಲಿಯರ್ ರೇಯಾನ್ಸ್ ಕಾರ್ಖಾನೆಯಿತ್ತು. 1963ರಲ್ಲಿ ಉತ್ಪಾದನೆ ತೊಡಗಿತು. ಹೊಳೆ ಕೆಟ್ಟಿತು, ಮೀನು ಸತ್ತಿತು. ವಾಳಕ್ಕಾಡ್ ಪಂಚಾಯತಿಯ ಅಧ್ಯಕ್ಷರಾಗಿದ್ದ ಕೆ. ಎ. ರಹಮಾನ್ ಜನರನ್ನು ಕಟ್ಟಿ ವರ್ಷಾನುಗಟ್ಟಲೆ ಹೋರಾಡಿದರು. 1985ರಲ್ಲಿ ಕೂಲಿಯ ಜಗಳದಲ್ಲಿ ಕಾರ್ಖಾನೆ ಮುಚ್ಚಿ, ಮತ್ತೆ ತೆರೆದದ್ದು 1988ರಲ್ಲಿ. ಆ ಮೂರು ವರ್ಷ ಕಾರ್ಮಿಕರ ಮನೆಗಳಲ್ಲಿ ಒಲೆ ಉರಿಯಲಿಲ್ಲ. ಆತ್ಮಹತ್ಯೆ ಮಾಡಿಕೊಂಡವರೂ ಉಂಟು. ಮತ್ತೆ ತೆರೆದ ಮೇಲೆ ಹೊಳೆಗೆ ಹೊಲಸೂ ಮತ್ತೆ ಬಂತು. ರಹಮಾನ್ 1999ರ ಜನವರಿಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅದೇ ವರ್ಷ ಕಾರ್ಖಾನೆಯ ಉತ್ಪಾದನೆಯೂ ನಿಂತಿತು.

ಇದರಲ್ಲಿ ಯಾರದು ತಪ್ಪು? ಕುಡಿಯಲು ನೀರು ಕೇಳಿದವನದೇ? ಉಣ್ಣಲು ಕೂಲಿ ಕೇಳಿದವನದೇ? ಎರಡೂ ನ್ಯಾಯವೇ. ಇಬ್ಬರು ಬಡವರು ಎದುರುಬದುರು ನಿಂತಾಗ ಮಾಲೀಕನು ನಡುವೆ ನಿಂತು, ನೀರು ಶುದ್ಧಮಾಡಲು ಹೇಳಿದರೆ ಗಿರಣಿ ಮುಚ್ಚುತ್ತೇನೆ ಎನ್ನುತ್ತಾನೆ. ಈ ಬೆದರಿಕೆಗೆ ಉತ್ತರವಿಲ್ಲದ ಪರಿಸರ ಸಂಘ ಅರ್ಧ ಸಂಘ. ಹೊಳೆಯ ಗೊಡವೆಯೇ ಬೇಡವೆನ್ನುವ ಕಾರ್ಮಿಕ ಸಂಘವೂ ಅರ್ಧವೇ. ಶುದ್ಧೀಕರಣದ ಖರ್ಚು ಮಾಲೀಕನ ಲಾಭದಿಂದ ಬರಲಿ, ಕೆಲಸ ನಿಂತಷ್ಟು ದಿನದ ಕೂಲಿಯೂ ಅಲ್ಲಿಂದಲೇ ಬರಲಿ ಎಂದು ಒಂದೇ ಉಸಿರಿನಲ್ಲಿ ಕೇಳುವ ಸಂಘ ಬೇಕು.

ಇದು ಆಗದ ಮಾತೆಂದು ತಿಳಿಯಬೇಡಿ. ದೂರದ ಆಸ್ಟ್ರೇಲಿಯದಲ್ಲಿ ಕಾರ್ಮಿಕ ಸಂಘವೇ ಪರಿಸರ ಸಂಘವಾದದ್ದುಂಟು. 1971ರಲ್ಲಿ ಸಿಡ್ನಿ ನಗರದಲ್ಲಿ ಕೆಲ್ಲೀಸ್ ಬುಷ್ ಎಂಬ ಚಿಕ್ಕ ಕಾಡನ್ನು ಕಡಿದು ಮನೆ ಕಟ್ಟಿ ಮಾರಲು ಕಂಪನಿ ಹೊರಟಿತು. ಅಲ್ಲಿಯ ಹೆಂಗಸರು ಕಟ್ಟಡ ಕಾರ್ಮಿಕರ ಸಂಘದ ಮೊರೆ ಹೋದರು. ಸಂಘ ಮೊದಲು ಊರವರ ಸಭೆ ಕರೆಯಿರೆಂದಿತು. ಸಭೆ ಒಪ್ಪಿದ ಮೇಲೆ, ಆ ಜಾಗದಲ್ಲಿ ನಮ್ಮವರು ಒಂದು ಗುದ್ದಲಿಯನ್ನೂ ಎತ್ತುವುದಿಲ್ಲವೆಂದು ಸಾರಿತು. ಕಾಡು ಉಳಿಯಿತು. ಆ ಬಗೆಯ ಬಹಿಷ್ಕಾರಕ್ಕೆ 'ಹಸಿರು ನಿಷೇಧ' ಎಂದು ಹೆಸರಾಯಿತು.

ಹಕ್ಕಿ ಎಣಿಸುವವರನ್ನೂ ಗಿಡ ನೆಡುವವರನ್ನೂ ನಾವು ಹಗುರಾಗಿ ಕಾಣುವುದಿಲ್ಲ. ಅವರು ಕೂಡಿಸಿದ ತಿಳುವಳಿಕೆ ನಮಗೆ ಬೇಕು. ಆದರೆ ನಮಗಿರುವುದು ಪಾಳಿ ಮುಗಿದ ಮೇಲಿನ ಎರಡು ಗಂಟೆ ಮತ್ತು ಕೈಯಲ್ಲುಳಿದ ನಾಲ್ಕು ಕಾಸು. ಅವನ್ನು ಎಲ್ಲಿಡಬೇಕೆಂಬುದೇ ಪ್ರಶ್ನೆ.

ಹೀಗೆ ಮಾಡಿ. ಚಂದಾ ಕೊಡುವ ಮೊದಲು ಆ ಸಂಘದ ಎರಡು ಸಭೆಗಳಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ. ಕೂಲಿಯವನು ಎದ್ದು ಮಾತಾಡಿದರೆ ಕೇಳುತ್ತಾರೆಯೇ ಗಮನಿಸಿ. ಒಬ್ಬರೇ ಹೋಗಬೇಡಿ, ಖಾತೆಯಿಂದ ಇಬ್ಬರು, ಪೇಟೆಯಿಂದ ಇಬ್ಬರು ಹೋಗಿ. ನಾಲ್ಕು ಪ್ರಶ್ನೆಗೂ ನೇರ ಉತ್ತರ ಕೊಡುವ ಸಂಘ ಊರಲ್ಲಿದ್ದರೆ ಸೇರಿ, ಸೇರಿದ ಮೇಲೆ ದುಡಿಯಿರಿ. ಇಲ್ಲದಿದ್ದರೆ ನಮ್ಮ ಸಂಘದೊಳಗೇ ನೀರು-ಗಾಳಿಯ ಸಮಿತಿಯೊಂದನ್ನು ಮಾಡೋಣ. ಅದರ ಮೊದಲ ಕೆಲಸ ಹತ್ತು ರೂಪಾಯಿಯದು: 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಹಾಕಿ, ನಮ್ಮೂರಿನ ಕಾರ್ಖಾನೆಗಳಿಗೆ ಕೊಟ್ಟ ಸಮ್ಮತಿ ಪತ್ರಗಳ ನಕಲು ಕೇಳುವುದು. ಬರೆಯಲು ಬಾರದವರಿಗೆ ಬರೆದುಕೊಡುವ ಕೆಲಸ ನಮ್ಮದು. ಹೆಸರು ಕೊಡುವವರು ಸಭೆ ಮುಗಿದ ಮೇಲೆ ನಿಲ್ಲಿ.