ಘಾಟಿನ ಹಿಂದಿನ ಎಂಜಿನ್ನು

ಹುಬ್ಬಳ್ಳಿಯಿಂದ ಗೋವೆಯ ಕಡೆಗೆ ರೈಲಿನಲ್ಲಿ ಹೋದವರಿಗೆ ಕ್ಯಾಸಲ್‌ರಾಕ್ ಸ್ಟೇಶನ್ನಿನ ನೆನಪು ಇದ್ದೇ ಇರುತ್ತದೆ. ಮಳೆ, ಮಂಜು, ಸುತ್ತಲೂ ಕಾಡು. 1961ರವರೆಗೆ ಇದು ಗಡಿಯ ಠಾಣೆ. ಇದರಾಚೆ ಪೋರ್ತುಗೀಜರ ಆಡಳಿತ. ಇಲ್ಲಿಂದ ಮುಂದೆ ಗಾಡಿ ಘಾಟು ಇಳಿಯತೊಡಗುತ್ತದೆ. ಇಳಿಜಾರು ಎಷ್ಟೆಂದರೆ, 37 ಅಡಿ ಮುಂದೆ ಹೋದರೆ ಒಂದು ಅಡಿ ಕೆಳಗೆ. ಕೆಳಗಿನ ಕುಳೆಯಿಂದ ಮೇಲೇರಿ ಬರುವ ಭಾರದ ಗಾಡಿಗೆ ಮುಂದಿನ ಎಂಜಿನ್ನಿನ ಬಲವೊಂದೇ ಸಾಲದು. ಆದುದರಿಂದ ಹಿಂದೆ ಬೇರೆ ಎಂಜಿನ್ನು ಕೂಡಿಸಿ ನೂಕಿಸುವ ಪದ್ಧತಿ ಬಹಳ ಹಳೆಯದು. ಘಾಟು ಹತ್ತಿದ ಮೇಲೆ ಆ ಎಂಜಿನ್ನನ್ನು ಬಿಚ್ಚಿಬಿಡುತ್ತಾರೆ. ಮುಂದಿನ ದಾರಿ ಗಾಡಿಯದೇ.

ಇಂದು ನಿಮ್ಮೊಡನೆ ಮಾತಾಡಬೇಕೆಂದಿರುವುದು ರೈಲಿನ ವಿಷಯವನ್ನಲ್ಲ. ಹೊಗೆಯಿಲ್ಲದ, ಊರಿಗೆ ಕೇಡು ಮಾಡದ ಶಕ್ತಿಯನ್ನು ಹುಡುಕುವ ಸಣ್ಣ ಉದ್ಯಮಿಗೆ ಸರಕಾರ ಯಾಕೆ ಹಣ ಕೊಡಬೇಕು ಎಂಬ ವಿಷಯ. ಆದರೆ ಆ ಹಿಂದಿನ ಎಂಜಿನ್ನನ್ನು ಮಾತ್ರ ನೆನಪಿನಲ್ಲಿಡಿ.

ಕ್ಯಾಸಲ್‌ರಾಕ್ ಇರುವ ಜೋಯಿಡಾ ತಾಲೂಕಿನಲ್ಲಿಯೇ ಕಾಳಿ ನದಿ ಹುಟ್ಟುತ್ತದೆ. ಗಣೇಶಗುಡಿಯ ಹತ್ತಿರ ಅದಕ್ಕೆ ಸೂಪಾ ಅಣೆಕಟ್ಟು ಕಟ್ಟಿದಾಗ ಸೂಪಾ ಎಂಬ ಊರೇ ನೀರಿನಲ್ಲಿ ಮುಳುಗಿತು. ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲಿ ಅದೇ ನೀರು ಮತ್ತೆ ಮತ್ತೆ ಚಕ್ರ ತಿರುಗಿಸುತ್ತದೆ. ಅದೇ ನದಿಯ ದಂಡೆಯ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಅಣು ಘಟಕಗಳಿವೆ. ನಮ್ಮ ನಿಮ್ಮ ಮನೆಯ ದೀಪಕ್ಕೆ ಈ ನಾಡಿನ ಋಣ ಉಂಟು. ಆದರೆ ಅಲ್ಲಿಯ ಕಾಡಿನ ನಡುವೆ ಕುಣಬಿಗಳ, ಗೌಳಿಗಳ ಮಜರೆಗಳು ನಾಲ್ಕು ಮನೆ ಇಲ್ಲಿ, ಆರು ಮನೆ ಅಲ್ಲಿ ಎಂಬಂತೆ ಚದುರಿವೆ. ಅಂಥಲ್ಲಿಗೆ ಕಂಬ ನೆಡುವುದು ಕಷ್ಟ. ನೆಟ್ಟರೂ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಮತ್ತೆ ಕತ್ತಲೆ. ದೀಪದ ಬುಡ ಕತ್ತಲೆ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಇದಕ್ಕೆ ಉಪಾಯವಿಲ್ಲವೇ? ಉಂಟು. ಮನೆಯ ಹಿಂದೆಯೇ ಹಳ್ಳ ಹರಿಯುತ್ತದೆ. ಸೆಕೆಂಡಿಗೆ 10 ಲೀಟರು ನೀರು 20 ಮೀಟರು ಎತ್ತರದಿಂದ ಕೊಳವೆಯಲ್ಲಿ ಇಳಿದು ಬಂದರೆ ಅದರಲ್ಲಿ ಸುಮಾರು ಎರಡು ಕಿಲೋವಾಟ್ ಶಕ್ತಿ ಅಡಗಿರುತ್ತದೆ. ಕೊಳವೆಯ ತಿಕ್ಕಾಟದಲ್ಲಿ, ಚಕ್ರದಲ್ಲಿ, ಡೈನಮೋದಲ್ಲಿ ಅರ್ಧ ಪೋಲಾಯಿತೆನ್ನಿ. ಆದರೂ ಒಂದು ಕಿಲೋವಾಟ್ ಉಳಿಯಿತು. ಒಂಬತ್ತು ವಾಟಿನ 20 ಎಲ್‌ಇಡಿ ದೀಪಗಳಿಗೆ ಬೇಕಾದದ್ದು 180 ವಾಟು ಮಾತ್ರ. ಅಂದರೆ ನಾಲ್ಕಾರು ಮನೆಗಳಿಗೆ ಬೆಳಕಾಗಿ, ಮೇಲೆ ರೇಡಿಯೋಕ್ಕೂ ಮಿಕ್ಕುತ್ತದೆ.

ಲೆಕ್ಕ ಇಷ್ಟು ಸುಲಭವಾದರೆ ಪ್ರತಿ ಹಳ್ಳಕ್ಕೂ ಒಂದು ಚಕ್ರ ಯಾಕೆ ಬರಲಿಲ್ಲ ಎಂದು ನೀವು ಕೇಳಬಹುದು. ತೊಡಕು ಇರುವುದು ಸಣ್ಣ ಸಂಗತಿಗಳಲ್ಲಿ. ಕೊಳವೆಯ ಬಾಯಿಗೆ ತರಗೆಲೆ ಕಟ್ಟುತ್ತದೆ. ಮರಳು ಚಕ್ರದ ಬಟ್ಟಲುಗಳನ್ನು ತಿನ್ನುತ್ತದೆ. ಒಂದು ಮನೆಯವರು ದೀಪ ಆರಿಸಿದರೆ ಉಳಿದ ಮನೆಗಳಲ್ಲಿ ಒತ್ತಡ ಏರಿ ಬಲ್ಬು ಸುಡುತ್ತದೆ. ಬೇಸಿಗೆಯಲ್ಲಿ ಹಳ್ಳವೇ ಬತ್ತುತ್ತದೆ. ಆಗ ಬಿಸಿಲು ಹೇರಳ. ಸೌರ ಫಲಕ ಕೆಲಸಕ್ಕೆ ಬರುತ್ತದೆ. ಆದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಸೂರ್ಯನನ್ನು ನಂಬುವಂತಿಲ್ಲ. ಆಗ ಹಳ್ಳ ತುಂಬಿ ಹರಿಯುತ್ತದೆ. ಈ ಎರಡನ್ನೂ ಒಂದೇ ಬ್ಯಾಟರಿಗೆ ಜೋಡಿಸಿ, ಹಳ್ಳಿಯ ಹುಡುಗನೇ ರಿಪೇರಿ ಮಾಡುವಂತೆ ಯಂತ್ರ ಕಟ್ಟಿಕೊಡುವುದು ಸಾಮಾನ್ಯ ಕೆಲಸವಲ್ಲ. ಅದೇ ಸಂಶೋಧನೆ.

ಇದನ್ನು ಮಾಡುವವರು ಯಾರು? ದೊಡ್ಡ ಕಂಪನಿಗೆ ಆರು ಮನೆಯ ಮಜರೆಯಿಂದ ಲಾಭವಿಲ್ಲ. ಮಾಡಬಲ್ಲವನು ಹಳಿಯಾಳದಲ್ಲೋ ದಾಂಡೇಲಿಯಲ್ಲೋ ಲೇಥು, ವೆಲ್ಡಿಂಗು ಇಟ್ಟುಕೊಂಡ ಸಣ್ಣ ವರ್ಕ್‌ಶಾಪಿನವನು. ಅವನಿಗೆ ಹಳ್ಳವೂ ಗೊತ್ತು, ಕಬ್ಬಿಣವೂ ಗೊತ್ತು. ಆದರೆ ಮೊದಲು ಮಾಡಿದ ಚಕ್ರ ಕೆಡುತ್ತದೆ, ಎರಡನೆಯದೂ ಕೆಡಬಹುದು. ಬ್ಯಾಂಕು ಸಾಲ ಕೊಡುವುದು ನಡೆಯುತ್ತಿರುವ ವ್ಯಾಪಾರಕ್ಕೆ, ಕೆಡಬಹುದಾದ ಪ್ರಯೋಗಕ್ಕಲ್ಲ. ಹೆಂಡತಿಯ ಬಂಗಾರ ಒತ್ತೆಯಿಟ್ಟು ಪ್ರಯೋಗ ಮಾಡೆಂದು ಯಾರಿಗೆ ತಾನೆ ಹೇಳಲಾದೀತು? ಘಾಟು ಇರುವುದು ಇಲ್ಲಿಯೇ. ಹಿಂದಿನ ಎಂಜಿನ್ನು ಬೇಕಾಗುವುದೂ ಇಲ್ಲಿಯೇ.

ಈ ವಿಚಾರವನ್ನು ಬೇರೆ ದೇಶಗಳು ಕ್ರಮಬದ್ಧವಾಗಿ ಜಾರಿಗೆ ತಂದಿವೆ. ಅಮೆರಿಕದಲ್ಲಿ 1982ರಲ್ಲಿ ಒಂದು ಕಾಯಿದೆಯಾಯಿತು. ಸಂಶೋಧನೆಗೆ ದೊಡ್ಡ ಮೊತ್ತ ವೆಚ್ಚ ಮಾಡುವ ಸರಕಾರಿ ಇಲಾಖೆಗಳು ಅದರಲ್ಲಿ ಒಂದು ಸಣ್ಣ ಪಾಲನ್ನು ಸಣ್ಣ ಉದ್ಯಮಗಳಿಗೆಂದೇ ತೆಗೆದಿಡಬೇಕೆಂದು ಅದು ವಿಧಿಸಿತು. ಹಣ ಬರುವುದು ಮೆಟ್ಟಿಲು ಮೆಟ್ಟಿಲಾಗಿ. ಮೊದಲು ವಿಚಾರ ಸಾಧ್ಯವೇ ಎಂದು ನೋಡಲು ಸ್ವಲ್ಪ ಹಣ. ಸಾಧ್ಯವೆಂದು ಕಂಡರೆ ಯಂತ್ರ ಕಟ್ಟಲು ಹೆಚ್ಚು ಹಣ. ಮೂರನೆಯ ಮೆಟ್ಟಿಲಲ್ಲಿ, ಅಂದರೆ ಮಾರಾಟಕ್ಕೆ, ಆ ನಿಧಿಯಿಂದ ಬಿಡಿಗಾಸೂ ಇಲ್ಲ. ಘಾಟು ಮುಗಿಯಿತು, ಎಂಜಿನ್ನು ಬಿಚ್ಚಿದರು.

ನಮ್ಮಲ್ಲಿಯೂ ಪ್ರಯತ್ನಗಳಾಗಿವೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2016ರಲ್ಲಿ ‘ನಿಧಿ’ ಎಂಬ ಯೋಜನೆ ತಂದಿತು. ಅದರ ಒಂದು ಶಾಖೆಯ ಹೆಸರು ‘ಪ್ರಯಾಸ್’. ಮಾದರಿ ಯಂತ್ರ ಮಾಡುವವರಿಗೆ ಹತ್ತು ಲಕ್ಷ ರೂಪಾಯಿಯವರೆಗೆ ಸಹಾಯ. ಪ್ರಯಾಸ ಪಡುವವನಿಗೆ ಕೈಗೂಡಿಸುವ ಯೋಜನೆಗೆ ತಕ್ಕ ಹೆಸರೇ ಸರಿ! 2021ರಲ್ಲಿ ಆರಂಭವಾದ ಸ್ಟಾರ್ಟಪ್ ಇಂಡಿಯಾ ಬೀಜ ನಿಧಿಯಲ್ಲಿ ಮಾದರಿಗೂ ಪರೀಕ್ಷೆಗೂ ಇಪ್ಪತ್ತು ಲಕ್ಷದವರೆಗೆ ಅನುದಾನವೆಂದು ಗೊತ್ತುಮಾಡಿದರು.

ಇದಕ್ಕೂ ಹಿಂದಿನ ಕಥೆಯೊಂದು ಕರ್ನಾಟಕದ್ದೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರು ‘ಅಸ್ತ್ರ’ ಎಂಬ ಕೇಂದ್ರವನ್ನು ಆರಂಭಿಸಿದರು. ವಿಜ್ಞಾನವನ್ನು ಹಳ್ಳಿಗೆ ಒಯ್ಯುವುದು ಅದರ ಉದ್ದೇಶ. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಅದರ ಶಾಖೆ. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ. ಹಳೆಯ ಮೂರು ಕಲ್ಲಿನ ಒಲೆಯಲ್ಲಿ ಕಟ್ಟಿಗೆಯ ಕಾವಿನಲ್ಲಿ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಪಾತ್ರೆಗೆ ತಲುಪುತ್ತಿತ್ತು; ಹೊಸ ಒಲೆಯ ಪರೀಕ್ಷೆಯಲ್ಲಿ ಮೂರನೆಯ ಒಂದು ಪಾಲಿಗೂ ಮೀರಿ ತಲುಪಿತು. ಹೊಗೆ ಕೊಳವೆಯ ಹಾದಿ ಹಿಡಿಯಿತು. ಮುಂದೆ 1993ರಲ್ಲಿ ಹುಟ್ಟಿದ ‘ಟೈಡ್’ ಎಂಬ ಸಂಸ್ಥೆ ಇಂಥ ತಿಳಿವಳಿಕೆಯನ್ನು ಸಣ್ಣ ಕಸುಬುದಾರರ ದೊಡ್ಡ ಒಲೆಗಳಿಗೆ ಹೊಂದಿಸಿ, ಒಲೆ ಕಟ್ಟುವುದನ್ನೇ ಉದ್ಯೋಗವಾಗಿ ಮಾಡುವವರನ್ನು ತಯಾರಿಸಿತು. ಒಲೆಯ ಗಂಡಿ ಒಂದೆರಡು ಅಂಗುಲ ತಪ್ಪಿದರೆ ಹೊಗೆ ಅಡಿಗೆಮನೆಗೇ ಹಿಂದಿರುಗುತ್ತದೆ. ಆದುದರಿಂದ ವಿಜ್ಞಾನಿಯ ನಕ್ಷೆಯಷ್ಟೇ ಮುಖ್ಯ, ಕಟ್ಟುವವನ ಕೈ. ಪ್ರಯೋಗಶಾಲೆಗೂ ಅಡಿಗೆಮನೆಗೂ ನಡುವೆ ಒಬ್ಬ ಕಸುಬುದಾರ ಇರಲೇಬೇಕು.

ಜನರ ತೆರಿಗೆಯ ಹಣವನ್ನು ಒಬ್ಬನ ಲಾಭಕ್ಕೆ ಕೊಡುವುದು ಯಾವ ನ್ಯಾಯ ಎಂದು ಕೇಳುವವರುಂಟು. ಪ್ರಶ್ನೆ ಸರಿಯಾದದ್ದೇ. ಕಾಗದದ ಮೇಲೆ ಚಕ್ರ ತಿರುಗಿಸಿ ಹಣ ಎತ್ತುವವರೂ ಇಲ್ಲದಿಲ್ಲ. ಆದುದರಿಂದ ಮೊದಲು ಕೊಡುವ ಹಣ ಸಣ್ಣದಿರಲಿ. ಯಂತ್ರವನ್ನು ಕಚೇರಿಯ ಮೇಜಿನ ಮೇಲೆ ನೋಡದೆ, ಮಳೆಗಾಲದಲ್ಲಿ ಹಳ್ಳದ ದಂಡೆಯಲ್ಲಿ ನೋಡಲಿ. ಪ್ರಯೋಗ ಕೆಟ್ಟರೆ ಯಾಕೆ ಕೆಟ್ಟಿತೆಂದು ಬರೆದಿಟ್ಟು ಎಲ್ಲರಿಗೂ ಸಿಗುವಂತೆ ಮಾಡಲಿ. ಹೀಗಾದರೆ ಕೆಟ್ಟ ಪ್ರಯೋಗದ ಹಣವೂ ಪೂರ್ತಿ ನೀರುಪಾಲಾಗದು. ಮುಂದಿನವನು ಅದೇ ಗುಂಡಿಗೆ ಬೀಳುವುದಾದರೂ ತಪ್ಪುತ್ತದೆ.

ಇನ್ನೊಂದು ಮಾತು. ಅರ್ಜಿಯ ನಮೂನೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಅದರ ಸುದ್ದಿ ಬಹುಮಟ್ಟಿಗೆ ದೊಡ್ಡ ಊರಿನಲ್ಲಿ. ಹಳಿಯಾಳದ ಲೇಥಿನ ಮುಂದೆ ನಿಂತವನಿಗೆ ಅದು ಮುಟ್ಟುವುದು ಹೇಗೆ? ಇಲ್ಲಿ ನಿಮ್ಮ ಪಾಲು ಬರುತ್ತದೆ. ನಿಮ್ಮ ಮನೆಯಲ್ಲಿ ಎಂಜಿನಿಯರಿಂಗ್ ಕಲಿಯುವ ಮಗನೋ ಮಗಳೋ ಇರಬಹುದು. ನಿಮ್ಮ ಓಣಿಯ ಕೊನೆಯಲ್ಲಿ ಅಂಥದೊಂದು ವರ್ಕ್‌ಶಾಪು ಇರಬಹುದು. ಇಬ್ಬರನ್ನೂ ಒಂದು ಸಂಜೆ ಚಹಕ್ಕೆ ಕೂಡಿಸಿರಿ. ಒಬ್ಬರಿಗೆ ಅರ್ಜಿ ಬರೆಯಲು ಬರುತ್ತದೆ, ಇನ್ನೊಬ್ಬರಿಗೆ ಚಕ್ರ ಮಾಡಲು ಬರುತ್ತದೆ.

ಈ ರಾತ್ರಿ ದೀಪ ಹಚ್ಚುವಾಗ ಕಾಳಿಯ ನೀರನ್ನೊಮ್ಮೆ ನೆನೆಯಿರಿ. ಆ ನೀರು ಹುಟ್ಟುವ ಕಾಡಿನ ಮಜರೆಯಲ್ಲಿಯೂ ಒಂದು ದೀಪ ಉರಿಯಬೇಕಾದರೆ ಯಾರಾದರೂ ಮೊದಲ ಏರಿನಲ್ಲಿ ಹಿಂದಿನಿಂದ ನೂಕಬೇಕು. ಘಾಟು ಹತ್ತಿದ ಮೇಲೆ ಗಾಡಿ ತಾನೇ ಓಡುತ್ತದೆ.